ಈರವ್ವಜ್ಜಿಯ ಸೋಬಾನ

"ಮದುಮಗಳೆಲ್ಲಿ ಅದಾಳ?"

ಮೈಕ್ ಜೋಡಿಸುತ್ತಿದ್ದ ರಂಜನ್ ಬೆಪ್ಪಾದ. ಮುಂಬೈ ಹತ್ತಿರದ ಕೋಪರಿಯ ಆ ಮನೆಗೆ ಅವನು ಬಂದದ್ದೇ ಅವತ್ತು ಮೊದಲ ಸಲ.

"ಮದುಮಗಳಾ? ನಾನು ಹಾಡು ರೆಕಾರ್ಡ್ ಮಾಡ್ಲಿಕ್ಕೆ ಬಂದದ್ದು ಅಜ್ಜಿ..."

"ಮಣಿ ಮ್ಯಾಲ ಮದುಮಗಳು ಕುಂಡ್ರದ ಸೋಬಾನ ಹಾಡಂಗಿಲ್ಲ ತಮ್ಮಾ," ಎಂದರು ಈರವ್ವ.

ಮೊಮ್ಮಗಳು ಕಾಂಚನಾ ಹಣೆ ಚಚ್ಚಿಕೊಂಡಳು. ವಿಜಯಪುರದ ಕಡೆಯ ಮದುವೆ ಹಾಡುಗಳನ್ನು ಇಲ್ಲಿಯ ಹೆಂಗಸರಿಗೆ ಕಲಿಸಬೇಕೆಂದು ಕನ್ನಡ ಸಂಘದಲ್ಲಿ ಹಟ ಹಿಡಿದು ಈ ಪ್ರಾಜೆಕ್ಟ್ ಶುರು ಮಾಡಿ, ರೆಕಾರ್ಡಿಂಗಿಗೆ ರಂಜನ್‌ನನ್ನು ಕರೆಸಿದವಳೇ ಅವಳು. ಅವು ಪೂರ್ತಿ ಬರುತ್ತಿದ್ದುದು ಅಜ್ಜಿಯೊಬ್ಬರಿಗೇ. ಸದ್ಯದಲ್ಲೇ ಅಜ್ಜಿಯ ಗಂಟಲಿಗೆ ಆಪರೇಷನ್! ಆಮೇಲೆ ಹಾಡುವ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ರಂಜನ್ ಬಿಡಲಿಲ್ಲ. ಭಾನುವಾರ ಬಂತೆಂದರೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಹಾಜರ್! ಬೀಸುವ ಪದ, ಜೋಗುಳ ಎಲ್ಲ ರೆಕಾರ್ಡ್ ಆಯಿತು. ಅವನು ಕಣ್ಣು ಮುಚ್ಚಿ ಕೇಳುವುದನ್ನು ಕಾಂಚನಾ ಕದ್ದು ನೋಡುತ್ತಿದ್ದಳು. ಮನಸ್ಸು ಯಾವಾಗ ಕೈಜಾರಿತೋ, ಪಾಪ, ಹುಡುಗಿಗೇ ಗೊತ್ತಾಗಲಿಲ್ಲ.

ಸೋಬಾನ ಮಾತ್ರ ಬಾಕಿ. ಒಂದು ಭಾನುವಾರ ಅವನೇ ಬಾಯಿಬಿಟ್ಟ.

"ಕಾಂಚನಾ... ನಾವಿಬ್ರು ಮದುವೆ ಆಗುವಾ? ಅಜ್ಜಿಯೂ ಹಾಡ್ತಾರೆ."

ಆ ಎರಡನೇ ಮಾತೇ ಕೆಲಸ ಕೆಡಿಸಿತು ನೋಡಿ!

"ಹಾಡಿನ ಸಲುವಾಗಿ ನನ್ನ ಮದುವಿ ಆಗ್ತೀರೇನ್ರಿ? ಪ್ರಾಜೆಕ್ಟ್ ಮುಗದ ಮ್ಯಾಲೆ ನಾ ಯಾರು ನಿಮಗ?" ಅವಳ ಕಣ್ಣು ತುಂಬಿತು. "ನಡೀರಿ ಇಲ್ಲಿಂದ!"

ಕೆಲವು ದಿನ ಅವನ ಸುಳಿವೇ ಇಲ್ಲ. ಆಮೇಲೆ ಅವನದೇ ಫೋನ್ ಬಂತು.

"ಸಾನಪಾಡಾದಲ್ಲಿ ನನ್ನ ಚಿಕ್ಕಪ್ಪನ ಮಗಳು ಅಶ್ಮಿತಾಳ ಮದುವೆ ಉಂಟು. ಅಜ್ಜಿ ಹಾಡ್ಬೇಕಂತೆ ಅವಳಿಗೆ. ಸಂಘದವರನ್ನೂ ಕರ್ಕೊಂಡು ಬನ್ನಿ."

ಅಜ್ಜಿಗಾಗಿ ಕಾಂಚನಾ ಸಿಟ್ಟು ನುಂಗಿಕೊಂಡು ಹೊರಟಳು.

ಅರಿಶಿನದ ದಿನ ತುಳು ಮಾತಾಡುವ ಮನೆಯ ಮದುಮಗಳು ಮಣೆಯ ಮೇಲೆ ಕೂತಳು. ಈರವ್ವ ಒಂದೊಂದೇ ಸಾಲು ಎತ್ತಿಕೊಟ್ಟರು, ಸಂಘದ ಹೆಂಗಸರು ಹಿಂದಿನಿಂದ ದನಿಗೂಡಿಸಿದರು. ರೆಕಾರ್ಡ್ ಆಗದೆ ಒಂದು ಹಾಡೂ ಉಳಿಯಲಿಲ್ಲ.

"ಎಲ್ಲಾ ಕೊಟ್ಟೆ ನನ್ನವ್ವ... ಇನ್ನ ಗಂಟಲ ಹೋದ್ರೂ ಹೋಗ್ಲಿ," ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಾಂಚನಾ ರಂಜನ್ ಬಳಿ ಬಂದಳು.

"ನಿಮ್ಮ ಉಪಕಾರ ಈ ಜನ್ಮದಾಗ ಮರಿಯಂಗಿಲ್ಲ ರಂಜನ್..."

"ಉಪಕಾರ ಎಂತದು ಮಾರಾಯ್ರೆ!" ಅವನು ಮೈಕ್ ಬಿಚ್ಚಿ ಚೀಲಕ್ಕೆ ಹಾಕಿದ. "ಹಾಡೆಲ್ಲ ಸಿಕ್ಕಿತು. ಇನ್ನು ಅಜ್ಜಿ ಹತ್ರ ಕೇಳ್ಲಿಕ್ಕೆ ಏನೂ ಇಲ್ಲ. ನಿಮ್ಮ ಹತ್ರ ಉಂಟು. ಈಗ ಕೇಳಿದ್ರೆ ನಂಬ್ತೀರಾ?"

ಅವಳಿಗೆ ಅಳು, ನಗು ಒಟ್ಟಿಗೇ ಬಂದವು.

"ನಂಬ್ತೀನಿ. ಆಗ್ತೀನಿ... ಆದ್ರ ನಮ್ಮ ಮದುವಿಗೆ ಅಜ್ಜಿಗೆ ಹಾಡಾಕ ಆಗಂಗಿಲ್ಲ."

"ಅವರು ಎದುರಿಗೆ ಕೂತು ಕೇಳ್ಲಿ," ಎಂದ ರಂಜನ್. "ಕಲಿತವರು ಹಾಡ್ತಾರೆ."