ಹಗ್ಗದ ಆಚೆಗೆ ಓದಿದ್ದು

“ಕೇಳ್ತಿದೆಯಾ ಅಮ್ಮಾ? ಇನ್ನೂ ಗಟ್ಟಿಯಾಗಿ ಓದ್ಲಾ?” ಹಗ್ಗದ ಈಚೆ ನಿಂತು ರಾಹೇಲ ಕೂಗಿದಳು.

ಆಚೆಯ ಗುಡಿಸಲಿನಿಂದ ಒಂದು ಕೈ ಮೇಲೆದ್ದು ಅಲ್ಲಾಡಿತು. ಅದು ಅಮ್ಮನ ಕೈ.

ಬೀರೂರಿಗೆ ಪ್ಲೇಗು ಬಂದಿತ್ತು. ಸ್ಕೂಲಿಗೆ ಬೀಗ ಬಿದ್ದಿತ್ತು. ಕಾಯಿಲೆಯವರನ್ನೆಲ್ಲ ಊರಾಚೆ, ತೆಂಗಿನ ಗರಿಯ ಗುಡಿಸಲುಗಳಲ್ಲಿ ಮಲಗಿಸಿದ್ದರು. ಸುತ್ತ ಹಗ್ಗ ಕಟ್ಟಿದ್ದರು. ಯಾರೂ ದಾಟುವಂತಿರಲಿಲ್ಲ.

ಅಪ್ಪನಿಗೆ ರೈಲ್ವೆ ಸ್ಟೇಷನ್ನಿನಲ್ಲಿ ಡ್ಯೂಟಿ. ಅಜ್ಜಿಗೆ ಕಣ್ಣು ಕಾಣದು. ಅವಳೇ ಸತ್ಯವೇದವನ್ನು, ತನ್ನ ಬೈಬಲನ್ನು, ಮೊಮ್ಮಗಳ ಕೈಗಿಟ್ಟಿದ್ದಳು.

“ದೇವರ ಮಾತು ಸುಮ್ನೆ ಹೋಗಿ ಸುಮ್ನೆ ಬರಲ್ಲ ಕಣೇ. ಏನಾದ್ರೂ ಮಾಡೇ ಮಾಡ್ತದೆ. ಬಾಯ್ಬಿಟ್ಟು ಓದು.”

ಏನಾದರೂ ಎಂದರೆ ಅಮ್ಮನ ಜ್ವರ ಇಳಿಯುವುದು. ರಾಹೇಲಳಿಗೆ ಅನುಮಾನವೇ ಇರಲಿಲ್ಲ. ಯೇಸುಸ್ವಾಮಿ ಒಂದೇ ಮಾತು ಹೇಳಿ, ಎಲ್ಲೋ ದೂರದಲ್ಲಿ ಮಲಗಿದ್ದ ಆಳನ್ನು ವಾಸಿಮಾಡಿದ ಕತೆಯನ್ನು ಅವಳು ದಿನಾ ಸಂಜೆ ಓದುತ್ತಿದ್ದಳು.

“ಏ ಮಗಾ,” ಹಗ್ಗಕ್ಕೆ ಹತ್ತಿರದ ಗುಡಿಸಲಿನಿಂದ ಒಬ್ಬ ಮುದುಕ ಕರೆದ. “ಮೊನ್ನೆ ಓದಿದ್ಯಲ್ಲ, ಆ ಕುರುಬಂದು. ಅದನ್ನೋದವ್ವ.”

ಅವನು ಯಗಟಿಯ ದೊಡ್ಡಬೀರಪ್ಪ. ಕುರಿ ಕಾಯುವವನು. ಕಂಬಳಿ ಮಾರಲು ಬಂದು ಇಲ್ಲೇ ಮಲಗಿಬಿಟ್ಟಿದ್ದ. ಹೆಂಡತಿ ಈರಕ್ಕನೂ ಅವನ ಜೊತೆ ಹಗ್ಗದೊಳಗೇ ಉಳಿದು, ಪಕ್ಕದಲ್ಲೇ ಕೂತಿರುತ್ತಿದ್ದಳು.

“ಅದ್ರಲ್ಲಿ ಜ್ವರ ವಾಸಿಯಾಗೋ ಮಾತೇ ಇಲ್ವಲ್ಲ ಅಜ್ಜಾ?”

“ಇಲ್ದಿದ್ರೆ ಬಿಡು. ಓದು.”

ದೇವರು ಕುರುಬನಂತೆ, ಕತ್ತಲ ಕಣಿವೆಯಲ್ಲೂ ಜೊತೆಗೇ ಬರುತ್ತಾನಂತೆ. ರಾಹೇಲ ಅದನ್ನು ಬೇಗಬೇಗ ಓದಿ ಮುಗಿಸಿ, ಮತ್ತೆ ಅಮ್ಮನಿಗಾಗಿ ಆ ಆಳು ವಾಸಿಯಾದ ಕತೆಗೆ ತಿರುಗುತ್ತಿದ್ದಳು.

ಒಂದು ಸಂಜೆ ಎಷ್ಟು ಓದಿದರೂ ಅಮ್ಮನ ಕೈ ಮೇಲೇಳಲಿಲ್ಲ. ರಾಹೇಲ ಪುಸ್ತಕ ಮುಚ್ಚಿ ಹೊರಟುಬಿಟ್ಟಳು.

“ಮುಗೀತಾ ಮಗಾ?” ದೊಡ್ಡಬೀರಪ್ಪನ ದನಿ ಕೇಳಿಯೂ ಕೇಳದಂತಿತ್ತು.

ಅವಳಿಗೆ ಅಳು ಬಂತು. ಆದರೂ ಹಿಂದಿರುಗಿ ಕುರುಬನ ಹಾಡನ್ನು ಕೊನೆಯವರೆಗೆ ಓದಿದಳು.

ಮರುದಿನ ಅಮ್ಮ ಗುಡಿಸಲ ಬಾಗಿಲಲ್ಲಿ ಕೂತು ಗಂಜಿ ಕುಡಿಯುತ್ತಿದ್ದಳು!

“ಜ್ವರ ಬಿಡ್ತು ಕಣೇ,” ಎಂದು ಮೆಲ್ಲಗೆ ನಕ್ಕಳು.

ರಾಹೇಲ ಕುಣಿದಾಡಿದಳು. “ಅಜ್ಜಾ! ಅಮ್ಮಂಗೆ ವಾಸಿಯಾಯ್ತು! ನಿಮಗೂ ಆಯ್ತಾ?”

ಹತ್ತಿರದ ಗುಡಿಸಲು ಖಾಲಿಯಾಗಿತ್ತು. ಹೊರಗೆ ಈರಕ್ಕ ಒಬ್ಬಳೇ ಕೂತಿದ್ದಳು.

“ನಿನ್ನೆ ನೀನು ಓದ್ತಿದ್ದಂಗೇ ಹೋದ್ರು ಕಣವ್ವ.”

ರಾಹೇಲ ಪುಸ್ತಕವನ್ನು ಎದೆಗೆ ಒತ್ತಿಕೊಂಡಳು. “ನಾನು ಸರಿಯಾಗಿ ಓದ್ಲಿಲ್ವಾ? ಅಳು ಬಂದ್ಬಿಟ್ಟಿತ್ತು...”

“ಅಯ್ಯೋ, ಇಲ್ಲ ಕಣವ್ವ.” ಈರಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. “ಹೆದರ್ಕೊಂಡು ನನ್ನ ಕೈ ಬಿಡ್ತಾನೇ ಇರ್ಲಿಲ್ಲ. ನಿನ್ನೆ ನೀನು ಶುರು ಮಾಡಿದ್ಮೇಲೆ ತಾವಾಗೇ ಬಿಟ್ರು. ಕುರಿಯೆಲ್ಲ ಹಟ್ಟಿ ಸೇರ್ಕಂಡ್ವು ಅಂದ್ರು. ಆಮೇಲೆ ಮಾತಾಡ್ಲಿಲ್ಲ.”

ರಾಹೇಲ ಅಮ್ಮನ ಕಡೆ ನೋಡಿದಳು. ಅಮ್ಮ ಓದು ಎನ್ನುವಂತೆ ತಲೆಯಾಡಿಸಿದಳು.

“ಈರಕ್ಕಾ, ನಿಮಗೆ ಓದ್ಲಾ?”

ಈರಕ್ಕ ಎದ್ದು ಬಂದು ಹಗ್ಗದ ಹತ್ತಿರ ಕೂತಳು. ಈಚೆ ರಾಹೇಲಳೂ ನೆಲದ ಮೇಲೆ ಕೂತಳು. ಇವತ್ತು ಕೂಗಬೇಕಾಗಿರಲಿಲ್ಲ. ಕುರುಬನ ಹಾಡಿನ ಒಂದೊಂದೇ ಮಾತನ್ನು, ಸ್ವಲ್ಪವೂ ಅವಸರವಿಲ್ಲದೆ ಓದತೊಡಗಿದಳು.