ಟೈಲರ್ ಕಿಟಕಿಯಲ್ಲೊಂದು ರಟ್ಟು

"ಕಾಣ್ತಿದ್ಯಾ ಮರಿ?" ಎಂದು ಬೈನಾಕ್ಯುಲರ್ ಅಂಗಡಿಯವರು ಕೇಳಿದರು.

"ಓ, ಸೂಪರಾಗಿ ಕಾಣ್ತಿದೆ!" ಎಂದಳು ಹದ್ದು.

ನಿಜ ಹೇಳಬೇಕೆಂದರೆ ಅವಳಿಗೆ ಕಾಣುತ್ತಿದ್ದದ್ದು ಒಂದು ನೀಲಿ ಗೋಡೆ. ಅದೂ ಸುಮ್ಮನೆ ನಿಂತಿರಲಿಲ್ಲ. ಚಳಿಜ್ವರ ಬಂದವರ ಹಾಗೆ ಗಡಗಡ ನಡುಗುತ್ತಿತ್ತು. ಕೈಯಲ್ಲಿದ್ದ ಬೈನಾಕ್ಯುಲರ್ ಅಷ್ಟು ಭಾರವಾಗಿತ್ತು.

ಹದ್ದು ಅಂದರೆ ಹಕ್ಕಿಯಲ್ಲ, ಐದನೇ ಕ್ಲಾಸಿನ ಹುಡುಗಿ. ಆ ಹೆಸರಿಟ್ಟ ತಾತ ಪಕ್ಕದಲ್ಲೇ ನಿಂತಿದ್ದರು. ನಲವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು. "ಒಂದು ಕೋಳಿಗೂ ತಾಗಿಸಿದವನಲ್ಲ ನಾನು. ಅಂಥಾ ಕಣ್ಣು ಇದು! ಹಂಗೇ ಮೊಮ್ಮಗಳಿಗೆ ಬಂದಿದೆ" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಅಂಗಡಿಗೆ ಕಾಲಿಟ್ಟ ಕೂಡಲೇ ಅಂಗಡಿಯವರಿಗೂ ಹೇಳಿಯಾಗಿತ್ತು.

"ಅಷ್ಟು ಚೆನ್ನಾಗಿ ಕಾಣ್ತಿದ್ರೆ ಓದಿಬಿಡು. ಟೈಲರ್ ಕಿಟಕಿಯಲ್ಲಿ ರಟ್ಟು ತೂಗಾಕಿದ್ದಾರಲ್ಲ, ಅದರಲ್ಲೇನು ಬರೆದಿದೆ?" ಎಂದರು ಅಂಗಡಿಯವರು.

ಹದ್ದು ಬೈನಾಕ್ಯುಲರನ್ನು ಇನ್ನಷ್ಟು ಬಿಗಿಯಾಗಿ ಕಣ್ಣಿಗೊತ್ತಿಕೊಂಡಳು.

ಆ ಅಂಗಡಿಯ ಪದ್ಧತಿಯೇ ಹಾಗೆ. ಸುಮ್ಮನೆ ಕಾಣ್ತಿದೆ ಅಂದರೆ ಸಾಲದು. ಬಾಗಿಲಲ್ಲಿ ನಿಂತು, ಚೌಕದ ಆಚೆಗಿರುವ ಟೈಲರ್ ಅಂಗಡಿಯ ಮಹಡಿ ಕಿಟಕಿಯನ್ನು ನೋಡಿ, ಅಲ್ಲಿ ತೂಗುವ ರಟ್ಟನ್ನು ಓದಬೇಕು. ಯಾವುದರಲ್ಲಿ ಓದಲು ಬರುತ್ತದೋ ಅದನ್ನು ಮಾತ್ರ ಅಂಗಡಿಯವರು ಮಾರುತ್ತಿದ್ದರು. ಟೈಲರ್ ಗಿರಾಕಿಗೊಂದು ಹೊಸ ವಾಕ್ಯ ಬರೆಯುತ್ತಿದ್ದರು. ಹಾಗಾಗಿ ಕಾಪಿ ಹೊಡೆಯುವುದಕ್ಕೂ ದಾರಿಯಿರಲಿಲ್ಲ.

"'ಅಂಗಡಿ ತೆರೆದಿದೆ' ಅಂತ ಇದೆ ಅಂಕಲ್."

ಅಂಗಡಿಯವರು ಸ್ಟ್ಯಾಂಡಿನ ಮೇಲಿದ್ದ ಉದ್ದದ ಸ್ಕೋಪಿನಲ್ಲಿ ಇಣುಕಿ, "ಊಹೂಂ" ಎಂದರು.

"ಹಾಂ, ಈಗ ಕಾಣ್ತು! 'ಇಲ್ಲಿ ಬಟ್ಟೆ ಹೊಲಿದು ಕೊಡಲಾಗುವುದು.'"

"ಟೈಲರ್ ಅಂಗಡಿಯಲ್ಲಿ ಇನ್ನೇನು, ರೊಟ್ಟಿ ಸುಟ್ಟು ಕೊಡ್ತಾರಾ? ಅದಲ್ಲ ಮರಿ."

ಹದ್ದು ತುಟಿ ಕಚ್ಚಿಕೊಂಡಳು. ಅವಳ ಕಷ್ಟ ಅವಳಿಗೇ ಗೊತ್ತು. ಬರುವ ಭಾನುವಾರ ಅವಳ ಕ್ಲಾಸಿನವರು ಕೆರೆಯ ಹತ್ತಿರ ಹಕ್ಕಿ ಎಣಿಸಲು ಹೋಗುವವರಿದ್ದರು. ಒಂದೊಂದು ಟೀಮಿನಲ್ಲಿ ನಾಲ್ಕು ಜನ. ಒಬ್ಬರು ನೋಡುವವರು, ಒಬ್ಬರು ಪುಸ್ತಕದಲ್ಲಿ ಹಕ್ಕಿಯ ಚಿತ್ರ ಹುಡುಕುವವರು, ಒಬ್ಬರು ಬರೆಯುವವರು. ಉಳಿದ ಒಬ್ಬರು ಎಲ್ಲರ ನೀರಿನ ಬಾಟಲಿ ಹೊರುವವರು. ನೋಡುವ ಕೆಲಸ ಹದ್ದಿಗೇ ಎಂದು ಎಲ್ಲರೂ ಒಪ್ಪಿದ್ದರು.

ಅದಾದ ಮಾರನೇ ದಿನವೇ ಕಣ್ಣಿನ ಡಾಕ್ಟರು ಅವಳಿಗೆ ಕನ್ನಡಕ ಬರೆದುಕೊಟ್ಟರು!

ಕನ್ನಡಕ ಬಂದು ಎಂಟು ದಿನವಾಗಿತ್ತು. ಸ್ಕೂಲಿನಲ್ಲಿ ಅದನ್ನು ಬ್ಯಾಗಿನಿಂದ ಹೊರಗೇ ತೆಗೆದಿರಲಿಲ್ಲ. ಕನ್ನಡಕದ ಹದ್ದನ್ನು ಯಾರಾದರೂ ಕಂಡಿದ್ದಾರೆಯೇ? ಗೊತ್ತಾದರೆ ಬಾಟಲಿ ಹೊರುವ ಕೆಲಸವೇ ಗತಿ. ಅದಕ್ಕಿಂತ ದೊಡ್ಡ ಚಿಂತೆ ತಾತನದು. ತಾತ ಇರುವುದು ಬೇರೆ ಮನೆಯಲ್ಲಿ, ಹಾಗಾಗಿ ಅವರಿಗೆ ಇನ್ನೂ ತಿಳಿದಿರಲಿಲ್ಲ. "ಅಮ್ಮಾ, ತಾತಂಗೆ ಮಾತ್ರ ಹೇಳ್ಬೇಡ" ಎಂದು ಅವಳು ಅಮ್ಮನ ಕೈಯಲ್ಲಿ ಪ್ರಾಮಿಸ್ ಮಾಡಿಸಿಕೊಂಡಿದ್ದಳು. ಇವತ್ತು ಬೆಳಿಗ್ಗೆಯೂ ತಾತನ ಚಪ್ಪಲಿಯ ಸದ್ದು ಕೇಳುವವರೆಗೆ ಕನ್ನಡಕ ಹಾಕಿಕೊಂಡೇ ಹೋಮ್‌ವರ್ಕ್ ಮಾಡಿ, ಆಮೇಲೆ ಗಬಕ್ಕನೆ ಬ್ಯಾಗಿಗೆ ತುರುಕಿದ್ದಳು.

ಇದಕ್ಕೆಲ್ಲ ಅವಳಿಗೆ ಮೊದಲೇ ಒಂದು ಐಡಿಯಾ ಹೊಳೆದಿತ್ತು. ಇಪ್ಪತ್ತು ಪಟ್ಟು ಹತ್ತಿರ ತೋರಿಸುವ ಬೈನಾಕ್ಯುಲರ್ ಕೈಯಲ್ಲಿದ್ದರೆ ಕನ್ನಡಕ ಯಾರಿಗೆ ಬೇಕು?

ಆದರೆ ಈ ದಿನ ಬೆಳಿಗ್ಗೆಯಿಂದಲೇ ಎಡವಟ್ಟು. ಬಸ್ ಸ್ಟಾಪಿನಲ್ಲಿ ಅವಳಿಗೂ ತಾತನಿಗೂ ಒಂದು ರೇಸ್ ಇತ್ತು. ದೂರದಿಂದ ಬರುವ ಬಸ್ಸಿನ ಬೋರ್ಡು ಮೊದಲು ಓದಿದವರು ಗೆದ್ದಂತೆ. ಯಾವಾಗಲೂ ಅವಳೇ ಗೆಲ್ಲುತ್ತಿದ್ದಳು. ಇವತ್ತು ಬಸ್ಸು ಬಂದಾಗ ಅವಳು, "ನೀನೇ ಓದು ತಾತ, ಚಾನ್ಸ್ ಕೊಟ್ಟಿದೀನಿ" ಎಂದಳು. "ಛೆ ಛೆ, ಚಿಕ್ಕೋರು ಮೊದಲು" ಎಂದರು ತಾತ. ಹೀಗೆ ಮರ್ಯಾದೆ ಕೊಟ್ಟುಕೊಳ್ಳುತ್ತಲೇ ಅವರದೇ ಎರಡು ಬಸ್ಸು ಮೂಗಿನ ಮುಂದೆ ಹೋಗಿಬಿಟ್ಟವು.

"ಕೊಡಿಲ್ಲಿ, ನಾನು ಓದ್ತೀನಿ" ಎಂದು ತಾತ ಈಗ ಆ ಭಾರದ ಬೈನಾಕ್ಯುಲರನ್ನು ಇಸಿದುಕೊಂಡರು. ಮೊದಲು ಅದನ್ನು ಕೈಯಲ್ಲಿ ತೂಗಿ ನೋಡಿದರು. ಆಮೇಲೆ ಬಸ್ಸಿನ ಟೈರಿಗೆ ತಟ್ಟುವ ಹಾಗೆ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. "ತೂಕ ನೋಡಿ ಇದರದ್ದು! ಮಾಲು ಅಂದ್ರೆ ಇದು." ಕಣ್ಣಿಗಿಟ್ಟುಕೊಂಡು, ಭಾಷಣ ಮಾಡುವವರ ಹಾಗೆ ಜೋರಾಗಿ ಓದಿದರು. "'ಎಲ್ಲರಿಗೂ ಸ್ವಾಗತ!' ಆಹಾ, ಒಂದೊಂದು ಅಕ್ಷರ ಮುತ್ತಿನ ಥರ ಇದೆ."

"ಸಾರ್, ನೀವು ನೋಡ್ತಿರೋದು ಟೈಲರ್ ಕಿಟಕಿ ಅಲ್ಲ. ಬ್ಯಾಂಕಿನ ಗೋಡೆ. ಅದರ ಮೇಲೆ ಒಂದಕ್ಷರಾನೂ ಇಲ್ಲ."

ತಾತ ಕೆಮ್ಮಿದರು.

"ನೋಡಿ, ಇಪ್ಪತ್ತು ಪಟ್ಟು ಅಂದ್ರೆ ಕೈ ನಡುಕಾನೂ ಇಪ್ಪತ್ತು ಪಟ್ಟು" ಎಂದರು ಅಂಗಡಿಯವರು. "ಅಷ್ಟು ಪವರ್ ಇರೋದನ್ನ ಸ್ಟ್ಯಾಂಡಿಗೆ ಹಾಕ್ಬೇಕು, ಕೈಯಲ್ಲಿ ಹಿಡಿಯೋಕಾಗಲ್ಲ. ಇನ್ನೊಂದು ಮಾತು. ಯಾವ ಬೈನಾಕ್ಯುಲರೂ ಹಕ್ಕಿ ಹುಡುಕಿ ಕೊಡಲ್ಲ. ಮೊದಲು ನಾವೇ ನೋಡಿ ಹಿಡೀಬೇಕು. ಆಮೇಲೆ ಕಣ್ಣು ಕದಲಿಸದೆ ಇದನ್ನ ಎತ್ಕೋಬೇಕು. ನಿಮಗಿಬ್ಬರಿಗೂ ಟೈಲರ್ ಕಿಟಕಿ ಎಲ್ಲಿದೆ ಅನ್ನೋದೇ ಕಂಡಿಲ್ಲ."

ಅವರು ಮುಂದೆ ಬಾಗಿ ತಾತನ ಮೂಗು ನೋಡಿದರು. ಆಮೇಲೆ ಹದ್ದಿನ ಮೂಗು.

"ಇಬ್ಬರ ಮೂಗಿನ ಮೇಲೂ ಆಚೆಗೊಂದು ಈಚೆಗೊಂದು ಗುಳಿ ಇದೆಯಲ್ಲ?"

"ಅದು ನಮ್ಮ ಮನೆತನದ ಮೂಗು" ಎಂದರು ತಾತ ಥಟ್ಟನೆ.

"ಮನೆತನದ್ದಲ್ಲ ಸಾರ್, ಕನ್ನಡಕದ್ದು. ಎಲ್ಲಿ, ತೆಗೀರಿ ಇಬ್ರೂ."

ಹದ್ದಿಗೆ ತಾತನ ಮುಖ ನೋಡಲು ಧೈರ್ಯವಾಗಲಿಲ್ಲ. ತಲೆ ತಗ್ಗಿಸಿಕೊಂಡು ಬ್ಯಾಗಿನೊಳಗೆ ಕೈ ಹಾಕಿದಳು. ಪಕ್ಕದಲ್ಲಿ ತಾತನ ಕೈ ಪ್ಯಾಂಟಿನ ಜೇಬಿಗೆ ಹೋಗಿದ್ದು ಅವಳಿಗೆ ಕಾಣಲಿಲ್ಲ.

ಟಕ್. ಟಕ್. ಎರಡು ಡಬ್ಬಿಗಳು ಒಟ್ಟಿಗೆ ತೆರೆದುಕೊಂಡವು.

"ತಾತಾ! ನಿಂಗೂನಾ?"

"ನಿಂಗ್ಯಾವಾಗ ಬಂತೇ ಇದು?"

"ಎಂಟು ದಿನ ಆಯ್ತು. ನಿಂಗೆ?"

ತಾತ ಅಂಗಡಿಯ ಫ್ಯಾನು ನೋಡಿದರು. "ಎರಡು ವರ್ಷ ಆಗಿರಬೇಕು."

"ಅಮ್ಮಂಗೆ ಗೊತ್ತಾ?"

"ನಿಮ್ಮಮ್ಮಂಗೆ ಹೇಳೋದೂ ಒಂದೇ, ಊರಲ್ಲಿ ಡಂಗುರ ಹೊಡಿಸೋದೂ ಒಂದೇ."

ಹದ್ದಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು. "ನಿನ್ನ ಕಣ್ಣು ನಂಗೆ ಬಂದಿಲ್ಲ ಅಂತ ಬೇಜಾರ್ ಮಾಡ್ಕೋತೀಯ ಅಂತ ಹೇಳ್ಲಿಲ್ಲ ತಾತ."

"ಯಾರು ಹೇಳಿದ್ದು ಬಂದಿಲ್ಲ ಅಂತ? ಕನ್ನಡಕದ ಸಮೇತ ಬಂದಿದೆ!" ಎಂದು ತಾತ ಅವಳ ಜಡೆ ಎಳೆದರು. ಎಳೆದ ಮೇಲೂ ಒಂದು ಕ್ಷಣ ಅದನ್ನು ಹಿಡಿದುಕೊಂಡೇ ಇದ್ದರು.

ಅಂಗಡಿಯವರು ಕಪಾಟಿನಿಂದ ಒಂದು ಚಿಕ್ಕ ಬೈನಾಕ್ಯುಲರ್ ತೆಗೆದರು. ಇದು ಎಂಟೇ ಪಟ್ಟು. ಕಣ್ಣಿಗೆ ತಾಗುವ ಕಡೆ ಎರಡು ರಬ್ಬರ್ ಬಳೆಗಳಿದ್ದವು. ಅವನ್ನು ಹೊರಗೆ ಮಡಚಿದರು. "ಕನ್ನಡಕದವರು ಹೀಗೆ ಮಡಚ್ಕೋಬೇಕು. ಇಲ್ಲಾಂದ್ರೆ ಸುತ್ತ ಕಪ್ಪು ಕಾಣತ್ತೆ. ಮೊದಲು ಕಿಟಕಿ ಹುಡುಕು, ಆಮೇಲೆ ಎತ್ಕೋ."

ಹದ್ದು ಕನ್ನಡಕ ಹಾಕಿಕೊಂಡು ಚೌಕದಾಚೆ ನೋಡಿದಳು. ಅರೆ! ಹಳದಿ ಕಿಟಕಿ ಅಲ್ಲೇ ಇತ್ತು. ಇಷ್ಟು ಹೊತ್ತು ಅದು ಎಲ್ಲಿ ಅಡಗಿತ್ತೋ! ಅವಳು ಬೈನಾಕ್ಯುಲರ್ ಎತ್ತಿದಳು. ಅದು ಹಗುರವಾಗಿತ್ತು. ಯಾವುದೂ ನಡುಗಲಿಲ್ಲ. ಟೈಲರ್ ಆಗಷ್ಟೇ ಹೊಸ ರಟ್ಟು ತೂಗುಹಾಕಿದ್ದರು.

ಅವಳು ನಿಧಾನವಾಗಿ ಓದಿದಳು. "'ತಾತನ ಅಂಗಿಯ... ಎರಡನೇ ಗುಂಡಿ... ಬಿದ್ದುಹೋಗಿದೆ. ಬಂದರೆ ಹಾಕಿಕೊಡುತ್ತೇನೆ.'"

ತಾತ ಎದೆ ಮುಟ್ಟಿ ನೋಡಿಕೊಂಡರು. ನಿಜವಾಗಿಯೂ ಗುಂಡಿ ಇರಲಿಲ್ಲ!

"ಅಷ್ಟು ದೂರದಿಂದ ಅವರಿಗೆ ಹೆಂಗೆ ಕಾಣ್ತು ಅಂಕಲ್?"

"ರಟ್ಟಿನ ಪಕ್ಕದಲ್ಲಿ ನೋಡು."

ರಟ್ಟಿನ ಪಕ್ಕದಲ್ಲಿ ಟೈಲರ್ ನಿಂತಿದ್ದರು. ಕುತ್ತಿಗೆಗೆ ಟೇಪು, ಕಣ್ಣಿಗೆ ಒಂದು ಬೈನಾಕ್ಯುಲರ್. ಅವರು ಅದನ್ನು ಇಳಿಸಿ ಅವಳತ್ತ ಕೈ ಬೀಸಿದರು. ಮೂಗಿನ ಮೇಲೆ ಗಾಜಿನ ಲೋಟದ ತಳದಷ್ಟು ದಪ್ಪನೆಯ ಕನ್ನಡಕವಿತ್ತು. ಹದ್ದೂ ಕೈ ಬೀಸಿದಳು.

ಗುಂಡಿ ಹಾಕಿಸಿಕೊಂಡು ಸ್ಟಾಪಿಗೆ ಬಂದಾಗ ಸಂಜೆಯಾಗಿತ್ತು. ಚಿಕ್ಕ ಬೈನಾಕ್ಯುಲರ್ ಅವಳ ಕೊರಳಲ್ಲಿ ನೇತಾಡುತ್ತಿತ್ತು. ರಸ್ತೆಯ ತಿರುವಿನಲ್ಲಿ ಒಂದು ಬಸ್ಸು ಕಾಣಿಸಿಕೊಂಡಿತು.

"ಮೂವತ್ತೊಂದು, ರೈಲ್ವೆ ಸ್ಟೇಷನ್!" ಎಂದು ಕನ್ನಡಕ ಹಾಕಿಕೊಂಡಿದ್ದ ತಾತ ಕೂಗಿದರು. ಅವಳು ಬಾಯಿ ತೆರೆಯುವುದರೊಳಗೆ ಓದಿಬಿಟ್ಟಿದ್ದರು. ಸಂತೋಷಕ್ಕೆ ಒಂದು ಸಲ ಕುಪ್ಪಳಿಸಿಯೂ ಬಿಟ್ಟರು. "ಗೆದ್ದೆ! ಗೆದ್ದೆ ನೋಡು!"

ಹದ್ದು ತಾತನನ್ನೇ ನೋಡಿದಳು. ಎರಡು ವರ್ಷ ಪ್ರತಿ ಸಲವೂ ಅವಳೇ ಗೆದ್ದಿದ್ದಳು. ಪ್ರತಿ ಸಲವೂ ತಾತ ಇಲ್ಲೇ ನಿಂತು, ಬೋರ್ಡು ಕಾಣದೆ, ಜೇಬಿನಲ್ಲಿ ಡಬ್ಬಿ ಇಟ್ಟುಕೊಂಡು, "ಭಲೇ ಹದ್ದೇ!" ಎಂದು ಚಪ್ಪಾಳೆ ತಟ್ಟಿದ್ದರು.

"ಭಲೇ ತಾತ!" ಎಂದು ಅವಳೂ ಚಪ್ಪಾಳೆ ತಟ್ಟಿದಳು.

ಬಸ್ಸು ಬಂದು ನಿಂತಿತು. ಹತ್ತುವ ಮೊದಲು ಅವಳು ಕನ್ನಡಕದ ಖಾಲಿ ಡಬ್ಬಿಯನ್ನು ಟಕ್ಕೆಂದು ಮುಚ್ಚಿ, ಬ್ಯಾಗಿನ ತಳಕ್ಕೆ, ಪುಸ್ತಕಗಳ ಅಡಿಗೆ ತಳ್ಳಿದಳು.