ಬಿಳಿಯ ಕಾವು

"ಕೆಂಡ ಕೆಂಪಗಿದ್ದು ಸುಡ್ತದ. ಮತ್ತ ಕೆಂಪು ಚುಕ್ಕಿ ಬಿಳಿ ಚುಕ್ಕಿಗಿಂತ ತಣ್ಣಗ ಹೆಂಗಿದ್ದೀತು?"

ಚಂದ್ರಾಮ ಯಾರನ್ನೂ ಕೇಳಿರಲಿಲ್ಲ, ತನಗೆ ತಾನೇ ಗಟ್ಟಿಯಾಗಿ ಅಂದುಕೊಂಡಿದ್ದ. ಹೈದರಾಬಾದಿನ ಕಾಲೇಜು ಮುಗಿಸಿ ಆಳಂದಕ್ಕೆ ಬಂದು, ಮನೆಯ ಕಟ್ಟೆಯ ಮೇಲೆ ನಕ್ಷತ್ರಗಳ ಇಂಗ್ಲಿಷ್ ಪುಸ್ತಕ ಹಿಡಿದು ಕೂತಿದ್ದ. ಉತ್ತರ ಎದುರಿನ ಕುಲುಮೆಯಿಂದ ಬಂತು.

"ಇಷ್ಟು ಓದೀರಿ, ಕಬ್ಬಿಣ ಕಾಸೂದು ನೋಡಿಲ್ಲೇನ್ರಿ? ಮೊದಲ ಕೆಂಪು, ಆಮ್ಯಾಲ ಹಳದಿ, ಭಾಳ ಕಾದ್ರ ಬಿಳಿ. ನಿಮ್ಮ ಚುಕ್ಕಿಗೋಳೂ ಹಂಗ ಇರಬೇಕ ಬಿಡ್ರಿ."

ತಿದಿ ಒತ್ತಿ ಬೆಂಕಿ ಊದುತ್ತಿದ್ದ ಕಮ್ಮಾರನ ಮಗಳು ಅಮೃತ ನಗುತ್ತಿದ್ದಳು. ಮೂಗಿನ ತುದಿಗೆ ಮಸಿ. ಪುಸ್ತಕ ಅವನ ಕೈಯಲ್ಲೇ ಮುಚ್ಚಿಕೊಂಡಿತು.

ಅಂದಿನಿಂದ ಸಂಜೆಯಾದರೆ ಅವನು ಕುಲುಮೆಯ ಬಾಗಿಲಲ್ಲಿ. ಅವಳ ತಂದೆ ಮೋನಪ್ಪನ ಕಣ್ಣನ್ನು ನಲವತ್ತು ವರ್ಷದ ಬೆಂಕಿ ತಿಂದುಹಾಕಿತ್ತು. ಕಾದ ಕಬ್ಬಿಣದ ಬಣ್ಣ ಮಗಳು ಕೂಗಬೇಕು, ಏಟು ತಂದೆ ಹಾಕಬೇಕು. "ಕೆಂಪು... ತಡಿಯಪ್ಪಾ... ಹಳದಿ, ಹೊಡಿ!" ಮಠದಲ್ಲಿ ವಚನ ಕೇಳುವ ಹಾಗೆ ಚಂದ್ರಾಮ ಆ ದನಿ ಕೇಳುತ್ತ ಕೂಡುತ್ತಿದ್ದ.

"ಏನ್ ನೋಡಾಕತ್ತೀರಿ?"

"ಬಣ್ಣ."

"ನಿಮ್ಮ ಮುಖ ಈಗಷ್ಟ ಕೆಂಪಾಗೇದ. ಬಿಳಿ ಆಗಾಕ ಭಾಳ ದೂರ ಅದರಿ," ಎಂದು ಓರೆಗಣ್ಣಲ್ಲಿ ನಕ್ಕಿದ್ದಳು.

ಮೂರು ತಿಂಗಳಿಗೆ ಸರ್ಕಾರದ ಮೊಹರಿನ ಪತ್ರ ಬಂತು. ಹೈದರಾಬಾದಿನ ವೇಧಶಾಲೆಯಲ್ಲಿ ನಕ್ಷತ್ರಗಳ ಬಣ್ಣ ನೋಡಿ, ಕಾವಿನಂತೆ ವಿಂಗಡಿಸುವ ಕೆಲಸ. ನಾಳೆ ಹೊರಡದಿದ್ದರೆ ಆ ಜಾಗ ಇನ್ನೊಬ್ಬನಿಗೆ.

"ನನ್ನ ಕೂಡ ಬಾ, ಅಮೃತಾ. ಲಗ್ನ ಆಗೂಣು. ನೀ ಇಲ್ಲದ ಯಾವ ಚುಕ್ಕಿ ನೋಡ್ಲಿ ನಾ?" ಅವತ್ತೇ ಚಂದ್ರಾಮ ಕುಲುಮೆಗೆ ಬಂದು ಪತ್ರ ಅವಳ ಮುಂದೆ ಹಿಡಿದ.

ಅವಳು ತಂದೆಯ ಕಡೆ ತಿರುಗಿದಳು.

"ಹೋಗ ಮಗಳ," ಎಂದ ಮೋನಪ್ಪ. "ಈಗೀಗ ಕಣ್ಣು ಚಲೋ ಕಾಣಾಕತ್ತಾವ. ಸುಳ್ಳಲ್ಲ, ಇಲ್ಲಿ ನೋಡು."

ಹಿರೋಳ್ಳಿ ಊರಿನವರು ಕೊಟ್ಟ ಕುಡಗೋಲು ಬೆಂಕಿಯಲ್ಲಿತ್ತು. ಅಮೃತ ಈ ಸಲ ಬಣ್ಣ ಕೂಗಲಿಲ್ಲ. ಮೋನಪ್ಪ ಇಕ್ಕಳದಲ್ಲಿ ಅದನ್ನೆತ್ತಿ ಮುಖದ ಹತ್ತಿರ ತಂದ. "ಹಳದಿ!" ಎಂದು ಓಣಿಗೆಲ್ಲ ಕೇಳುವಂತೆ ಸಾರಿದ.

ಅದು ಮಬ್ಬು ಕೆಂಪಾಗಿತ್ತು.

ಸುತ್ತಿಗೆಯ ಎರಡನೇ ಏಟಿಗೇ ಅಲಗು ಸೀಳಿಹೋಯಿತು. "ಚಲೋ ಆತು ನೋಡು," ಎನ್ನುತ್ತ ಮುದುಕ ಅದನ್ನು ಅವಸರದಿಂದ ನೀರಿಗೆ ಅದ್ದಿ ಮುಚ್ಚಿಟ್ಟ.

ಚಂದ್ರಾಮ ಅವಳ ಮಸಿಗೈ ಹಿಡಿದುಕೊಂಡ. "ಒಂದು ಆಳು ಇಡೂಣು. ತಿಂಗಳಿಗೊಮ್ಮೆ ಬರೂಣು. ನಿನ್ನ ಕಾಲಿಗಿ ಬೀಳ್ತೇನಿ, ಬಾ."

"ಆಳು ಬಣ್ಣ ಕೂಗಿದ್ರ ಅಪ್ಪ ನಂಬಿ ಸುತ್ತಿಗಿ ಎತ್ತಂಗಿಲ್ರಿ."

"ಅಮೃತಾ, ನಾ ಸಾಯ್ತೇನಿ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಕೆನ್ನೆಯ ಮಸಿಯಲ್ಲಿ ನೀರು ಗೆರೆ ಎಳೆಯುತ್ತಿತ್ತು.

"ನಿಮ್ಮ ಮ್ಯಾಲ ನನ್ನ ಜೀವ ಅದರಿ. ಅದಕ್ಕ ನಿಮಗ ಸುಳ್ಳು ಹೇಳಂಗಿಲ್ಲ. ನಾ ಬರಂಗಿಲ್ಲ."